ಬಾಟಲಿ ಸಿಕ್ಕ ಮೀನು, ಬಾಟಲಿ ಸಿಗದ ಸಿಗಡಿ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ಬಸ್ಸಲ್ಲಿ ಇದ್ದೀರೋ, ಪಾತ್ರೆ ತೊಳೀತಾ ಇದ್ದೀರೋ, ಆಫೀಸಿನಲ್ಲಿ ಕದ್ದು ಇಯರ್‌ಫೋನ್ ಹಾಕ್ಕೊಂಡಿದ್ದೀರೋ ಗೊತ್ತಿಲ್ಲ. ಎಲ್ಲೇ ಇದ್ರೂ ಒಂದು ಇಪ್ಪತ್ತು ನಿಮಿಷ ನನಗೆ ಕೊಡಿ. ಇವತ್ತಿನ ಕತೆ ಮೀನಿನದು. ಕೆರೆಯಲ್ಲಿ, ಸಮುದ್ರದಲ್ಲಿ ಇರೋ ಮೀನಿನದಲ್ಲ, ಬಾಟಲಿಯೊಳಗೆ ಬದುಕೋ ಮೀನಿನದು.

ಆದರೆ ಕತೆ ಶುರುವಾಗೋದು ಒಂದು ಲೆಕ್ಕದ ಪುಸ್ತಕದಿಂದ. ನಾನು ಓದಿದ್ದು ಬಿಕಾಂ. ಹಾಗಾಗಿ ಹಳೇ ಲೆಕ್ಕದ ಪುಸ್ತಕ ಕಂಡರೆ ನನಗೆ ಕೈ ಸುಮ್ಮನಿರಲ್ಲ. ಕಳೆದ ದೀಪಾವಳಿಗೆ ಕುಮಟಾ ಹತ್ತಿರದ ಮಾವನ ಮನೆಗೆ ಹೋಗಿದ್ದೆ. ಅಟ್ಟದ ಮೇಲಿನ ಟ್ರಂಕಿನಲ್ಲಿ 1995ರ ಒಂದು ಪುಸ್ತಕ ಸಿಕ್ಕಿತು. ಮಾವ ಆಗ ತಮ್ಮ ಗಜನಿ ಜಾಗದಲ್ಲಿ ಸಿಗಡಿ ಹೊಂಡ ಮಾಡಿದ್ದರು. ಗಜನಿ ಅಂದರೆ ಅಘನಾಶಿನಿ ನದಿಯ ಉಪ್ಪುನೀರು ಏರಿ ಇಳಿಯುವ ಗದ್ದೆ. ಮಳೆಗಾಲದಲ್ಲಿ ಕಗ್ಗ ಭತ್ತ, ಆಮೇಲೆ ತಾನಾಗೇ ಬರುವ ಮೀನು, ಸಿಗಡಿ. ತೊಂಬತ್ತರ ದಶಕದಲ್ಲಿ ಎಷ್ಟೋ ಜನ ಅದನ್ನೇ ಹೊಂಡ ಮಾಡಿ, ಹ್ಯಾಚರಿಯಿಂದ ಮರಿ ತಂದು ಬಿಡೋಕೆ ಶುರು ಮಾಡಿದ್ದರು.

ಪುಸ್ತಕದಲ್ಲಿ ಎಲ್ಲ ನೀಟಾಗಿದೆ. ಮರಿ ತಂದ ಖರ್ಚು, ಫೀಡಿನ ಖರ್ಚು, ಪಂಪಿಗೆ ಡೀಸೆಲ್, ಕಾವಲಿನವನ ಸಂಬಳ. ಬಲಗಡೆ ಜಮೆ ಬರೆಯೋ ಪುಟ ಮಾತ್ರ ಖಾಲಿ. ಕೊನೆಯಲ್ಲಿ ಅಂಕಿ ಇಲ್ಲ, ಒಂದೇ ಒಂದು ಸಾಲು ಇದೆ: 'ಇನ್ನು ಅವರ ಜತೆ ಮಾತಿಲ್ಲ.'

ಯಾರ ಜತೆ ಅಂತ ಕೇಳಿದೆ. ಕೆಳಗಿನ ಗಜನಿಯವರ ಜತೆಯಂತೆ. ಆ ವರ್ಷ ಮಾವನ ಹೊಂಡದಲ್ಲಿ ಸಿಗಡಿಗಳು ದಡಕ್ಕೆ ಬಂದು ಸುಮ್ಮನೆ ನಿಂತವು. ತಿನ್ನೋದು ಬಿಟ್ಟವು. ಚಿಪ್ಪಿನ ಒಳಗಡೆ ಬಿಳಿ ಬಿಳಿ ಚುಕ್ಕೆ. ಹತ್ತು ದಿನದೊಳಗೆ ಹೊಂಡವೇ ಖಾಲಿ. ಯಾಕೆ ಹೀಗಾಯ್ತು ಅಂತ ಹೇಳೋರು ಯಾರೂ ಇರಲಿಲ್ಲ. ಒಬ್ಬರು ಫೀಡ್ ಸರಿ ಇಲ್ಲ ಅಂದರು, ಇನ್ನೊಬ್ಬರು ಮಣ್ಣು ಕೆಟ್ಟಿದೆ ಅಂದರು. ಮಾವನಿಗೆ ಅನ್ನಿಸಿದ್ದು, ಕೆಳಗಿನವರು ತಮ್ಮ ಹೊಂಡದ ಹೊಲಸು ನೀರನ್ನು ಹೊಳೆಗೆ ಬಿಟ್ಟರು, ಅದೇ ನೀರು ನಮ್ಮ ತೂಬಿನಿಂದ ಒಳಗೆ ಬಂತು ಅಂತ. ಅಲ್ಲಿಗೆ ಎರಡು ಮನೆಯ ಮಾತು ನಿಂತಿತು.

ಸಿಗಡಿ ಕೊಂದದ್ದು ಏನು ಅಂತ ನಮಗೆ ಈಗ ಗೊತ್ತು. ಅದು ವೈಟ್ ಸ್ಪಾಟ್ ಅನ್ನೋ ವೈರಸ್. 1992ರ ಸುಮಾರಿಗೆ ತೈವಾನ್ ಕಡೆ ಕಾಣಿಸಿಕೊಂಡು, 1994ರ ಹೊತ್ತಿಗೆ ಭಾರತಕ್ಕೆ ಬಂದಿತ್ತು. ಆದರೆ ನನ್ನ ತಲೆ ತಿಂದ ಪ್ರಶ್ನೆ ಬೇರೆ. ನೀರಲ್ಲಿ ಬದುಕೋ ಒಂದು ಜೀವಿಗೆ ವೈರಸ್ ಬಂದಿದೆ ಅಂತ ಕಂಡುಹಿಡಿಯೋದು ಹೇಗೆ? ಮೊದಲು ಯಾರು ಕಂಡುಹಿಡಿದರು? ಕೆಲವು ಪ್ರಾಣಿಗಳ ರೋಗಕ್ಕೆ ಬೇಗ ಹೆಸರು ಸಿಗುತ್ತೆ, ಕೆಲವಕ್ಕೆ ಯಾಕೆ ಸಿಗಲ್ಲ? ಹುಡುಕುತ್ತಾ ಹೋದರೆ ಅಮೆರಿಕದ ಒಂದು ಪುಟ್ಟ ಊರಿನ ಟ್ರೌಟ್ ಮೀನಿನ ಹತ್ತಿರ ಹೋಗಿ ನಿಂತೆ.

ವೈರಸ್‌ಗೆ ಮನೆ ಬೇಕು

ಮೊದಲು ಒಂದು ಚಿಕ್ಕ ವಿಜ್ಞಾನ. ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಅಗರ್ ಹಾಕಿ ಬೆಳೆಸಬಹುದು. ಅದಕ್ಕೆ ಊಟ ಕೊಟ್ಟರೆ ಸಾಕು, ತಾನೇ ಬೆಳೆಯುತ್ತೆ. ವೈರಸ್ ಹಾಗಲ್ಲ. ಅದಕ್ಕೆ ಸ್ವಂತ ಅಡುಗೆಮನೆ ಇಲ್ಲ. ಬದುಕಿರುವ ಜೀವಕೋಶದ ಒಳಗೆ ನುಗ್ಗಿ, ಆ ಕೋಶದ ಸಾಮಾನನ್ನೇ ಬಳಸಿಕೊಂಡು ತನ್ನ ನಕಲು ಮಾಡಿಕೊಳ್ಳುತ್ತೆ. ಅಂದರೆ ವೈರಸ್ ಬೆಳೆಸಬೇಕು ಅಂದರೆ ಮೊದಲು ಜೀವಂತ ಕೋಶಗಳನ್ನು ಸಾಕಬೇಕು.

ಮನುಷ್ಯರ ವಿಷಯದಲ್ಲಿ ಇದಕ್ಕೆ ದಾರಿ ತೆರೆದದ್ದು ಪೋಲಿಯೊ. 1949ರಲ್ಲಿ ಎಂಡರ್ಸ್, ವೆಲ್ಲರ್, ರಾಬಿನ್ಸ್ ಅನ್ನೋ ಮೂವರು ಪೋಲಿಯೊ ವೈರಸ್ಸನ್ನು ನರದ ಕೋಶಗಳಲ್ಲದ ಬೇರೆ ಮಾನವ ಕೋಶಗಳಲ್ಲೂ ಗಾಜಿನ ಪಾತ್ರೆಯೊಳಗೆ ಬೆಳೆಸಿ ತೋರಿಸಿದರು. ಅದಕ್ಕೆ 1954ರಲ್ಲಿ ನೊಬೆಲ್ ಬಂತು. 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಮಹಿಳೆಯ ಕ್ಯಾನ್ಸರ್ ಗೆಡ್ಡೆಯಿಂದ, ಆಕೆಯನ್ನು ಕೇಳದೆಯೇ ತೆಗೆದ ಕೋಶಗಳು ಸಾಯದೆ ಬೆಳೆಯುತ್ತಾ ಹೋದವು. ಹೀಲಾ ಕೋಶಗಳು ಅಂತ ನೀವು ಕೇಳಿರಬಹುದು.

ಹೀಗೆ ತಲೆಮಾರಿನಿಂದ ತಲೆಮಾರಿಗೆ ಬಾಟಲಿಯಲ್ಲೇ ಬೆಳೆಯುತ್ತಾ ಹೋಗುವ ಕೋಶಗಳ ವಂಶಕ್ಕೆ ಸೆಲ್ ಲೈನ್ ಅಂತಾರೆ. ಇದನ್ನು ಅರ್ಥ ಮಾಡಿಕೊಳ್ಳೋಕೆ ನಿಮ್ಮ ಅಡುಗೆಮನೆಯ ಮೊಸರು ಸಾಕು. ನಿನ್ನೆಯ ಮೊಸರಿನ ಒಂದು ಚಮಚ ಇವತ್ತಿನ ಹಾಲಿಗೆ ಹೆಪ್ಪು. ಇವತ್ತಿನದು ನಾಳೆಗೆ. ಎಷ್ಟೋ ಮನೆಗಳಲ್ಲಿ ಅಜ್ಜಿಯ ಕಾಲದ ಹೆಪ್ಪೇ ಇನ್ನೂ ನಡೀತಿದೆ. ಸೆಲ್ ಲೈನ್ ಕೂಡ ಹಾಗೇ. ಬಾಟಲಿಯ ತಳ ತುಂಬ ಕೋಶಗಳು ಒಂದು ಪದರವಾಗಿ ಹರಡಿಕೊಂಡ ಮೇಲೆ, ಅವನ್ನು ಬಿಡಿಸಿ, ಸ್ವಲ್ಪ ತೆಗೆದು ಹೊಸ ಬಾಟಲಿಗೆ ಹಾಕ್ತಾರೆ. ಅಲ್ಲಿ ತುಂಬಿದ ಮೇಲೆ ಇನ್ನೊಂದಕ್ಕೆ. ಹೆಪ್ಪು ತಪ್ಪಿದರೆ ವಂಶ ಮುಗೀತು.

ಹೆಪ್ಪಿನ ಹೋಲಿಕೆ ನೆನಪಿಟ್ಟುಕೊಳ್ಳಿ. ಪಕ್ಕದ ಮನೆಯ ಹೆಪ್ಪು ಬೆರೆತರೆ ಏನಾಗುತ್ತೆ ಅನ್ನೋದು ಮುಂದೆ ಬರುತ್ತೆ.

ಲೀಟೌನಿನ ಟ್ರೌಟ್

ಈಗ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯಕ್ಕೆ ಹೋಗೋಣ. ಅಲ್ಲಿ ಲೀಟೌನ್ ಅನ್ನೋ ಊರಿನಲ್ಲಿ ಸರ್ಕಾರದ ಮೀನು ರೋಗಗಳ ಪ್ರಯೋಗಾಲಯ ಇತ್ತು. ಅದನ್ನು ನಡೆಸುತ್ತಿದ್ದವರು ಪೋಲೆಂಡ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದಿದ್ದ ಸೂಕ್ಷ್ಮಜೀವಿ ವಿಜ್ಞಾನಿ ಸ್ನಿಯೆಷ್ಕೊ.

ಆ ಕಾಲದಲ್ಲಿ ಟ್ರೌಟ್ ಮರಿಗಳಿಗೆ ಒಂದು ವಿಚಿತ್ರ ರೋಗ ಬರ್ತಿತ್ತು. ಚೆನ್ನಾಗಿ ಬೆಳೀತಿದ್ದ ಮರಿಗಳು ಇದ್ದಕ್ಕಿದ್ದಂತೆ ಬುಗುರಿ ತರ ಸುತ್ತುತ್ತಾ ಈಜಿ, ತಳ ಸೇರಿ ಸಾಯೋವು. ಕೆನಡಾದಲ್ಲಿ 1941ರಷ್ಟು ಹಿಂದೆಯೇ ಇದನ್ನು ಬರೆದಿಟ್ಟಿದ್ದರು. ಒಳಗೆ ನೋಡಿದರೆ ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್ ಕೊಳೆತಿರುತ್ತಿತ್ತು. ಹಾಗಾಗಿ 1955ರಲ್ಲಿ ಇದಕ್ಕೆ ಸಾಂಕ್ರಾಮಿಕ ಪ್ಯಾಂಕ್ರಿಯಾಸ್ ಕೊಳೆ ರೋಗ ಅನ್ನೋ ಅರ್ಥದ ಹೆಸರು ಕೊಟ್ಟರು. ಚಿಕ್ಕದಾಗಿ ಐಪಿಎನ್. ಹೆಸರು ಬಂತು, ಕಾರಣ ಸಿಗಲಿಲ್ಲ.

ಕಾರಣ ಹಿಡಿದವರು ಅದೇ ಪ್ರಯೋಗಾಲಯದ ಕೆನ್ ವುಲ್ಫ್. ಟ್ರೌಟಿನ ಅಂಗಾಂಶವನ್ನು ಸಣ್ಣಗೆ ಕತ್ತರಿಸಿ, ಉಪ್ಪು, ಸಕ್ಕರೆ, ಅಮೈನೊ ಆಮ್ಲ, ಸೀರಂ ಇರುವ ದ್ರವದಲ್ಲಿ ಅದರ ಕೋಶಗಳನ್ನು ಬದುಕಿಸಿದರು. ಸತ್ತ ಮರಿಗಳ ರಸವನ್ನು ಬ್ಯಾಕ್ಟೀರಿಯಾ ಕೂಡ ದಾಟದಂಥ ಫಿಲ್ಟರಿನಲ್ಲಿ ಸೋಸಿ, ಈ ಕೋಶಗಳ ಮೇಲೆ ಹಾಕಿದರು. ಕೋಶಗಳು ಸಾಯತೊಡಗಿದವು. ಆ ಬಾಟಲಿಯ ನೀರನ್ನು ಇನ್ನೊಂದಕ್ಕೆ ಹಾಕಿದರೆ ಅಲ್ಲೂ ಅದೇ. ಬ್ಯಾಕ್ಟೀರಿಯಾ ಇಲ್ಲ, ಆದರೂ ಕೊಲ್ಲುವ ಏನೋ ಒಂದು ಇದೆ, ಅದು ಬೆಳೆಯುತ್ತಲೂ ಇದೆ. 1960ರಲ್ಲಿ ವುಲ್ಫ್, ಸ್ನಿಯೆಷ್ಕೊ ಮತ್ತು ಜೊತೆಗಾರರು ಐಪಿಎನ್ ವೈರಸ್ ರೋಗ ಅಂತ ಪ್ರಕಟಿಸಿದರು. ಕೋಶಗಳಲ್ಲಿ ಬೆಳೆಸಿ ಹಿಡಿದ ಮೊದಲ ಮೀನಿನ ವೈರಸ್ ಅದು.

ಆದರೆ ಒಂದು ತೊಂದರೆ. ಪ್ರತಿ ಸಲವೂ ಹೊಸ ಮೀನು ಕೊಂದು ಹೊಸ ಕೋಶ ತೆಗೀಬೇಕು. ಆ ಮೀನಿಗೇ ಮೊದಲೇ ವೈರಸ್ ಇದ್ದರೆ? ಇವತ್ತಿನ ಪ್ರಯೋಗ, ಮುಂದಿನ ತಿಂಗಳ ಪ್ರಯೋಗ ಎರಡನ್ನೂ ಹೋಲಿಸೋದು ಹೇಗೆ? ಬೇಕಾಗಿದ್ದು ಸಾಯದ ಹೆಪ್ಪು.

ಅದನ್ನು ವುಲ್ಫ್ ಮತ್ತು ಕ್ವಿಂಬಿ ಸೇರಿ ಮಾಡಿದರು. ಮಳೆಬಿಲ್ಲು ಟ್ರೌಟ್ ಅಂತೀವಲ್ಲ, ರೈನ್‌ಬೋ ಟ್ರೌಟ್, ಅದರ ಜನನಾಂಗದ ಗ್ರಂಥಿಯಿಂದ ತೆಗೆದ ಕೋಶಗಳು ಬಾಟಲಿಯಿಂದ ಬಾಟಲಿಗೆ ದಾಟುತ್ತಾ ಹೋದರೂ ಸಾಯಲಿಲ್ಲ. 1962ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಎರಡು ಪುಟದ ಲೇಖನ ಬಂತು. ಆ ವಂಶದ ಹೆಸರು ಆರ್‌ಟಿಜಿ-2. ಮೀನಿನ ಮೊದಲ ಶಾಶ್ವತ ಸೆಲ್ ಲೈನ್. ಮನುಷ್ಯರ ಕೋಶಕ್ಕೆ ಸದಾ 37 ಡಿಗ್ರಿ ಬೇಕು. ಇವು ಫ್ರಿಜ್ಜಿನ ತಂಪಿನಿಂದ ಸಾಧಾರಣ ಕೋಣೆಯ ಬಿಸಿಯವರೆಗೆ ಎಲ್ಲಿ ಇಟ್ಟರೂ ಬದುಕುತ್ತವೆ, ವೇಗ ಮಾತ್ರ ಹೆಚ್ಚು ಕಡಿಮೆ. ಮೀನು ತಣ್ಣನೆ ರಕ್ತದ ಪ್ರಾಣಿ ಅಲ್ವಾ, ಅದರ ಕೋಶವೂ ಹಾಗೇ.

ಅಂದರೆ ಹೆಪ್ಪನ್ನು ಪಾರ್ಸಲ್ ಮಾಡಬಹುದು! ಮಾಡಿದರು ಕೂಡ. ಡೆನ್ಮಾರ್ಕಿನ ಎಗ್ಟ್‌ವೆಡ್ ಅನ್ನೋ ಊರಿನ ಕಡೆ ಟ್ರೌಟ್‌ಗಳು ಮೈಯೆಲ್ಲ ರಕ್ತಸ್ರಾವವಾಗಿ ಸಾಯ್ತಿದ್ದವು. ರೋಗಕ್ಕೆ ಆ ಊರಿನ ಹೆಸರೇ ಅಂಟಿಕೊಂಡಿತ್ತು. ಆರ್‌ಟಿಜಿ-2 ಬಂದ ಮೇಲೆ, ಅರವತ್ತರ ದಶಕದ ಮೊದಲ ಭಾಗದಲ್ಲೇ ಯೆನ್ಸೆನ್ ಅನ್ನೋ ಡೇನಿಶ್ ವಿಜ್ಞಾನಿ ಅದೇ ಕೋಶಗಳಲ್ಲಿ ಆ ರೋಗದ ವೈರಸ್ ಹಿಡಿದರು. ಅಮೆರಿಕದ ಮೀನಿನ ಬಾಟಲಿ, ಯುರೋಪಿನ ರೋಗದ ಉತ್ತರ.

ಆಮೇಲೆ ಸಾಲಾಗಿ ಬಂದವು. 1965ರಲ್ಲಿ ಒರೆಗಾನ್ ಕಡೆಯಿಂದ ಚಿನೂಕ್ ಸಾಲ್ಮನ್ ಭ್ರೂಣದ ಸಿಎಚ್‌ಎಸ್‌ಇ-214. ಅದೇ ವರ್ಷ ಫ್ಯಾಟ್‌ಹೆಡ್ ಮಿನ್ನೊ ಅನ್ನೋ ಬೆರಳುದ್ದದ ಮೀನಿನ ಎಫ್‌ಎಚ್‌ಎಂ. ಮೊಟ್ಟೆ, ಮರಿ ಒಂದು ದೇಶದಿಂದ ಇನ್ನೊಂದಕ್ಕೆ ಕಳಿಸಬೇಕು ಅಂದರೆ 'ಇವಕ್ಕೆ ವೈರಸ್ ಇಲ್ಲ' ಅಂತ ಸರ್ಟಿಫಿಕೇಟ್ ಕೊಡೋಕೆ ಈ ಬಾಟಲಿಗಳೇ ಪರೀಕ್ಷೆ. ಒಂದು ವ್ಯಾಪಾರ ನಂಬಿಕೆಯ ಮೇಲೆ ನಡೆಯೋಕೆ ಏನು ಬೇಕು ಅಂತ ಬಿಕಾಂನಲ್ಲಿ ನಮಗೆ ಪಾಠ ಇತ್ತು, ಆಡಿಟ್. ಮೀನಿನ ವ್ಯಾಪಾರಕ್ಕೆ ಆಡಿಟ್ ಮಾಡ್ತಿದ್ದದ್ದು ಈ ಕೋಶಗಳು.

ಹನ್ನೊಂದು ವರ್ಷದ ಕಾಯುವಿಕೆ

ಹಾಗಾದರೆ ಎಲ್ಲ ಸಲೀಸು ಅಂದುಕೊಳ್ಳಬೇಡಿ. ಯಾವುದೋ ಒಂದು ಮೀನಿನ ಕೋಶ ಇದ್ದರೆ ಎಲ್ಲ ವೈರಸ್ ಬೆಳೆಯಲ್ಲ. ವೈರಸ್‌ಗೂ ಆಯ್ಕೆ ಇದೆ. ಕೆಲವು ವೈರಸ್‌ಗಳು ಒಂದೇ ಜಾತಿಯ ಮೀನಿನ, ಅದರಲ್ಲೂ ಒಂದು ಅಂಗದ ಕೋಶವನ್ನೇ ಹುಡುಕುತ್ತವೆ.

1984ರಲ್ಲಿ ನಾರ್ವೆಯ ಸಾಲ್ಮನ್ ಸಾಕಣೆಯಲ್ಲಿ ಹೊಸ ರೋಗ ಬಂತು. ಮೀನಿನ ಕಿವಿರು ಬಿಳಿಚಿಕೊಳ್ಳೋದು, ರಕ್ತ ನೀರಾಗೋದು, ಲಿವರ್ ಕಪ್ಪಾಗೋದು. ಸಾಲ್ಮನ್ ರಕ್ತಹೀನತೆ ರೋಗ ಅಂತ ಕರೆದರು, ಐಎಸ್‌ಎ. ಒಂದು ಮೀನಿನಿಂದ ಇನ್ನೊಂದಕ್ಕೆ ಹರಡುತ್ತೆ ಅಂತ ಗೊತ್ತು. ವೈರಸ್ ಇರಬೇಕು ಅಂತ ಅನುಮಾನ. ಆದರೆ ಆಗ ಇದ್ದ ಬಾಟಲಿಗಳಲ್ಲಿ ಅದನ್ನು ಹಿಡಿಯೋಕೆ ಆಗಲಿಲ್ಲ. ದುಡ್ಡಿದ್ದ ದೇಶ, ಒಳ್ಳೇ ಪ್ರಯೋಗಾಲಯ, ಸಾಲ್ಮನ್ ಅವರ ಹೆಮ್ಮೆಯ ಉದ್ಯಮ. ಆದರೂ ಹನ್ನೊಂದು ವರ್ಷ ಹಿಡಿಯಿತು.

1995ರಲ್ಲಿ ಓಸ್ಲೋದ ಪಶುವೈದ್ಯ ಸಂಸ್ಥೆಯ ಬಿರ್ಗಿಟ್ ದಾನೆವಿಗ್ ಮತ್ತು ಜೊತೆಗಾರರು ಅಟ್ಲಾಂಟಿಕ್ ಸಾಲ್ಮನ್ನಿನ ತಲೆ ಭಾಗದ ಮೂತ್ರಪಿಂಡದಿಂದ ಹೊಸ ಸೆಲ್ ಲೈನ್ ಮಾಡಿದರು. ಹೆಸರು ಎಸ್‌ಎಚ್‌ಕೆ-1. ಮೀನಿನಲ್ಲಿ ಆ ಭಾಗ ನಮ್ಮ ಮೂಳೆಯ ಮಜ್ಜೆ ಇದ್ದ ಹಾಗೆ, ರಕ್ತಕಣ ಹುಟ್ಟೋ ಜಾಗ. ಆ ಕೋಶಗಳಲ್ಲಿ ವೈರಸ್ ಕೊನೆಗೂ ಬೆಳೆಯಿತು. ನೋಡಿದರೆ ಅದು ಫ್ಲೂ ವೈರಸ್‌ನ ದೂರದ ನೆಂಟ.

ವೈರಸ್ ಕೈಗೆ ಸಿಕ್ಕ ಮೇಲೆ ಮುಂದಿನ ಕೆಲಸ ಬೇಗ ಬೇಗ ಆಯಿತು. ಅದರ ಜೀನ್ ಓದಿದರು, ಪರೀಕ್ಷೆ ಮಾಡುವ ದಾರಿ ಬಂತು. 1998ರಲ್ಲಿ ಸ್ಕಾಟ್ಲೆಂಡಿಗೆ ಬಂದಾಗ, 2007ರಲ್ಲಿ ಚಿಲಿಗೆ ಬಂದಾಗ ಇದು ಯಾವ ರೋಗ ಅನ್ನೋದು ಒಗಟಾಗಿ ಉಳಿಯಲಿಲ್ಲ. ಹಾಗಂತ ಚಿಲಿ ಬಚಾವಾಯ್ತಾ? ಇಲ್ಲ. ಅಲ್ಲಿನ ಅಟ್ಲಾಂಟಿಕ್ ಸಾಲ್ಮನ್ ಉತ್ಪಾದನೆ ಕೆಲವೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಬಿತ್ತು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಹೆಸರು ಗೊತ್ತಾದ ಮಾತ್ರಕ್ಕೆ ರೋಗ ನಿಲ್ಲಲ್ಲ. ಆದರೆ ಯಾವ ಸಾಕಣೆ ಕೇಂದ್ರ ಮುಚ್ಚಬೇಕು, ಎಷ್ಟು ದೂರ ಬಿಡಬೇಕು, ಯಾವ ಮೊಟ್ಟೆ ತರಬಾರದು ಅನ್ನೋ ಚರ್ಚೆಯಾದರೂ ಸರಿಯಾದ ವಿಷಯದ ಮೇಲೆ ನಡೆಯುತ್ತೆ.

ಇನ್ನೊಂದು ಮಾತು. ಇದೇ ಐಎಸ್‌ಎ ವೈರಸ್‌ನ ಒಂದು ಸೌಮ್ಯ ತಳಿ ಇದೆ. ಅದು ರೋಗ ತರಲ್ಲ, ಆದರೆ ಬಾಟಲಿಯಲ್ಲೂ ಬೆಳೆಯಲ್ಲ. ಪಿಸಿಆರ್ ಪರೀಕ್ಷೆಯಲ್ಲಿ ಮಾತ್ರ ಕಾಣುತ್ತೆ. ಅಂದರೆ ಬಾಟಲಿ ತೋರಿಸಿದ್ದು ಮಾತ್ರ ಸತ್ಯ ಅಂತಲೂ ಅಲ್ಲ.

ಬಾಟಲಿಯ ಮೇಲಿನ ತಪ್ಪು ಲೇಬಲ್

ಈಗ ಹೆಪ್ಪಿನ ಕತೆಗೆ ವಾಪಸ್ ಬರೋಣ. ನನಗೆ ತುಂಬ ಇಷ್ಟವಾದ ಭಾಗ ಇದು.

1983ರಲ್ಲಿ ಯುಗೊಸ್ಲಾವಿಯಾದ ಝಾಗ್ರೆಬ್‌ನ ನಿಕೊಲಾ ಫಿಯಾನ್ ಮತ್ತು ತಂಡದವರು ಸಾಮಾನ್ಯ ಗೆಂಡೆ ಮೀನಿನ, ಅಂದರೆ ಕಾಮನ್ ಕಾರ್ಪ್‌ನ ಚರ್ಮದ ಗಂಟಿನಿಂದ ಒಂದು ಸೆಲ್ ಲೈನ್ ಮಾಡಿದ್ದನ್ನು ವಿವರಿಸಿದರು. ಹೆಸರು ಇಪಿಸಿ. ಒಳ್ಳೇ ಹೆಪ್ಪು. ಬೇಗ ಬೆಳೆಯುತ್ತೆ, ಬೇರೆ ಬೇರೆ ವೈರಸ್‌ಗಳು ಇದರಲ್ಲಿ ಚೆನ್ನಾಗಿ ಬರುತ್ತವೆ. ಪ್ರಪಂಚದಾದ್ಯಂತ ಮೀನಿನ ವೈರಸ್ ಪ್ರಯೋಗಾಲಯಗಳಲ್ಲಿ ಇಪಿಸಿ ಮನೆಮಾತಾಯ್ತು. 'ಗೆಂಡೆ ಕೋಶದಲ್ಲಿ ಹೀಗಾಗುತ್ತೆ' ಅಂತ ಎಷ್ಟೋ ಲೇಖನ ಬಂದವು.

ಸುಮಾರು ಇಪ್ಪತ್ತೈದು ವರ್ಷ ಕಳೆದ ಮೇಲೆ ಯಾರೋ ಡಿಎನ್ಎ ನೋಡಿದರು. ಗೆಂಡೆ ಅಲ್ಲ! ಬಾಟಲಿಯಲ್ಲಿ ಇದ್ದದ್ದು ಫ್ಯಾಟ್‌ಹೆಡ್ ಮಿನ್ನೊ, ಆಗಲೇ ಹೇಳಿದ ಬೆರಳುದ್ದದ ಅಮೆರಿಕನ್ ಮೀನು. ಎಲ್ಲೋ, ಯಾವಾಗಲೋ ಒಂದು ಹನಿ ಬೆರೆತಿದೆ. ಬೇಗ ಬೆಳೆಯುವ ಕೋಶ ನಿಧಾನದ ಕೋಶವನ್ನು ಹಿಂದೆ ಹಾಕಿ ಇಡೀ ಬಾಟಲಿ ಆವರಿಸಿಕೊಂಡಿದೆ. ಲೇಬಲ್ ಮಾತ್ರ ಹಳೆಯದೇ ಉಳಿದಿದೆ. ಬೇರೆ ಬೇರೆ ಪ್ರಯೋಗಾಲಯಗಳ ಇಪಿಸಿ ತರಿಸಿ ನೋಡಿದರೂ ಅದೇ ಫಲಿತಾಂಶ. 2010ರಲ್ಲಿ ವಿಂಟನ್ ಮತ್ತು ಜೊತೆಗಾರರು ಇದನ್ನು ಪ್ರಕಟಿಸಿದರು.

ಆ ಲೇಖನದ ಲೇಖಕರ ಪಟ್ಟಿಯ ಕೊನೆಯ ಹೆಸರು ಯಾರದು ಗೊತ್ತಾ? ನಿಕೊಲಾ ಫಿಯಾನ್. ಇಪಿಸಿ ಮಾಡಿದವರೇ, ಇದು ನಾವು ಹೇಳಿದ ಮೀನಲ್ಲ ಅಂತ ಸಹಿ ಹಾಕಿದರು. ಲೆಕ್ಕ ತಪ್ಪಾಗಿದೆ ಅಂತ ಗೊತ್ತಾದಾಗ ಅದನ್ನು ಉಜ್ಜಿ ಅಳಿಸಬಾರದು, ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆದು ಸಹಿ ಹಾಕಬೇಕು ಅಂತ ನಮ್ಮ ಅಕೌಂಟ್ಸ್ ಮೇಷ್ಟ್ರು ಹೇಳ್ತಿದ್ದರು. ಅದನ್ನು ಇಷ್ಟು ದೊಡ್ಡ ಮಟ್ಟದಲ್ಲಿ ಮಾಡಿದ್ದು ನಾನು ಓದಿದ್ದು ಇದೇ ಮೊದಲು.

ಅದರಿಂದ ಇಪಿಸಿ ಕಸಕ್ಕೆ ಹೋಗಲಿಲ್ಲ. ವೈರಸ್ ಬೆಳೆಸೋಕೆ ಅದು ಇವತ್ತಿಗೂ ಒಳ್ಳೇದೇ. ಆದರೆ ಈಗ ಯಾವುದೇ ಹೊಸ ಸೆಲ್ ಲೈನ್ ಬಂದರೂ ಮೊದಲ ಪ್ರಶ್ನೆ: ಡಿಎನ್ಎ ಬಾರ್‌ಕೋಡ್ ಎಲ್ಲಿ? ಇದು ಅದೇ ಮೀನಾ?

ಏಷ್ಯಾದಲ್ಲೂ ಇಂಥದ್ದೇ ಒಂದು ತಿರುವಿನ ಕತೆ ಇದೆ. ಎಂಬತ್ತರ ದಶಕದಲ್ಲಿ ಆಗ್ನೇಯ ಏಷ್ಯಾದಲ್ಲಿ ಕೊರಮೀನು, ಹಾವಿನಂಥ ತಲೆ ಇರುತ್ತಲ್ಲ, ಮೈಮೇಲೆ ದೊಡ್ಡ ದೊಡ್ಡ ಹುಣ್ಣಾಗಿ ಸಾಯ್ತಿತ್ತು. 1988ರಲ್ಲಿ ಆ ಹುಣ್ಣಿನ ರೋಗ ಭಾರತಕ್ಕೂ ಬಂತು. ಜನ ಮೀನು ತಿನ್ನೋದನ್ನೇ ಬಿಟ್ಟರು. ವಿಜ್ಞಾನಿಗಳು ವೈರಸ್ ಹುಡುಕಿದರು, ಸಿಕ್ಕಿತು ಕೂಡ. ಆದರೆ ನಿಜವಾದ ಅಪರಾಧಿ ಅದಲ್ಲ, ಶಿಲೀಂಧ್ರದಂಥ ಒಂದು ನೀರಿನ ಬೂಷ್ಟು ಅಂತ ಆಮೇಲೆ ತಿಳಿಯಿತು. ಬಾಟಲಿಯಲ್ಲಿ ವೈರಸ್ ಸಿಕ್ಕಿತು ಅಂದ ತಕ್ಷಣ ಅದೇ ಕೊಲೆಗಾರ ಅಂತ ತೀರ್ಮಾನ ಮಾಡೋ ಹಾಗಿಲ್ಲ.

ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನಲ್ಲಿ ಫ್ರೆರಿಕ್ಸ್ ತಂಡ ಬಳಸುತ್ತಿದ್ದ ಕೊರಮೀನಿನ ಎಸ್‌ಎಸ್‌ಎನ್-1 ಅನ್ನೋ ಕೋಶಗಳು ಮಾತ್ರ ಬೇರೆ ಕೆಲಸಕ್ಕೆ ಬಂದವು. ಸೀಬಾಸ್ ಮರಿಗಳ ಕಣ್ಣು, ಮೆದುಳು ಹಾಳು ಮಾಡುವ ನೋಡಾ ವೈರಸ್ 1996ರಲ್ಲಿ ಅದರಲ್ಲಿ ಸಿಕ್ಕಿತು. ಜಪಾನಿನವರು ಅದರಿಂದ ಇ-11 ಅನ್ನೋ ಕವಲು ತೆಗೆದರು. ಇಸ್ರೇಲಿನ ಕಿನ್ನೆರೆಟ್ ಸರೋವರದಲ್ಲಿ, ಸಾಕಣೆ ಕೊಳಗಳಲ್ಲಿ ಟಿಲಾಪಿಯಾ, ನಮ್ಮ ಕಡೆ ಜಿಲೇಬಿ ಮೀನು ಅಂತೀವಲ್ಲ, ಅದು ಸಾಯತೊಡಗಿದಾಗ 2014ರಲ್ಲಿ ಆ ಹೊಸ ವೈರಸ್ ಬೆಳೆದದ್ದು ಇದೇ ಇ-11ರಲ್ಲಿ. ಆ ಟಿಲಾಪಿಯಾ ಲೇಕ್ ವೈರಸ್ 2018ರ ಹೊತ್ತಿಗೆ ಭಾರತದಲ್ಲೂ ವರದಿಯಾಯ್ತು. ತಮಾಷೆ ಏನಂದ್ರೆ, ಈ ಕೊರಮೀನಿನ ಕೋಶಗಳೊಳಗೆ ಮೊದಲಿಂದಲೂ ಬೇರೊಂದು ರೆಟ್ರೊವೈರಸ್ ಬಾಡಿಗೆ ಕೊಡದೆ ವಾಸವಾಗಿದೆ. ಎಲ್ಲರಿಗೂ ಗೊತ್ತು, ಗೊತ್ತಿದ್ದೇ ಬಳಸ್ತಾರೆ.

ನಮ್ಮ ಮೀನಿನ ಸರದಿ

ಇಲ್ಲಿಯವರೆಗೆ ನಾನು ಹೇಳಿದ ಹೆಸರುಗಳನ್ನು ನೋಡಿ. ಟ್ರೌಟ್, ಸಾಲ್ಮನ್, ಟ್ರೌಟ್, ಸಾಲ್ಮನ್. ತಂಪು ದೇಶದ, ದುಬಾರಿ ಮೀನುಗಳು. ಕಾಟ್ಲಾ ಎಲ್ಲಿ? ರೋಹು ಎಲ್ಲಿ? ಭಾರತದ ಮೀನು ಸಾಕಣೆಯ ಬೆನ್ನೆಲುಬು ಈ ಗೆಂಡೆಗಳು. ನಮ್ಮ ಕೆರೆಗಳಿಗೆ ಪಂಚಾಯಿತಿಯವರು ಬಿಡೋದು ಇವನ್ನೇ. ಆದರೆ ಇವಕ್ಕೆ ಬಾಟಲಿ ಸಿಕ್ಕಿದ್ದು ಆರ್‌ಟಿಜಿ-2 ಬಂದು ಎಷ್ಟೋ ದಶಕ ಆದ ಮೇಲೆ.

ಒಂದು ಕಾರಣ, ನಮ್ಮ ಗೆಂಡೆಗಳಿಗೆ ವೈರಸ್‌ಗಿಂತ ಬ್ಯಾಕ್ಟೀರಿಯಾ, ಮೀನಿನ ಹೇನು ಇವುಗಳ ಕಾಟವೇ ಜಾಸ್ತಿ. ಅದು ನಿಜ. ಆದರೆ ನೋಡುವ ಸಾಧನವೇ ಇಲ್ಲದಾಗ 'ವೈರಸ್ ಇಲ್ಲ' ಅನ್ನೋ ಮಾತಿಗೆ ಎಷ್ಟು ತೂಕ ಕೊಡೋದು?

ಈ ಕೊರತೆ ತುಂಬಿದವರಲ್ಲಿ ಮುಖ್ಯವಾದ ಒಂದು ತಂಡ ಇರೋದು ದೊಡ್ಡ ನಗರದಲ್ಲಲ್ಲ. ತಮಿಳುನಾಡಿನ ವೆಲ್ಲೂರು ಹತ್ತಿರ ಮೇಲ್ವಿಶಾರಂ ಅನ್ನೋ ಊರಿದೆ. ಅಲ್ಲಿನ ಸಿ. ಅಬ್ದುಲ್ ಹಕೀಂ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಸಾಹುಲ್ ಹಮೀದ್ ಮತ್ತು ಅವರ ವಿದ್ಯಾರ್ಥಿಗಳು 2006ರಲ್ಲಿ ಸೀಬಾಸ್ ಮೀನಿನ ಮೂತ್ರಪಿಂಡದಿಂದ ಎಸ್‌ಐಎಸ್‌ಕೆ ಅನ್ನೋ ಸೆಲ್ ಲೈನ್ ಮಾಡಿದರು. ಭಾರತದ ಮೊದಲ ಸಮುದ್ರ ಮೀನಿನ ಸೆಲ್ ಲೈನ್ ಅಂತಲೇ ಲೇಖನದ ಶೀರ್ಷಿಕೆ. ಆಮೇಲೆ ಕಾಟ್ಲಾದ ಹೃದಯದಿಂದ ಇನ್ನೊಂದು, 2009ರಲ್ಲಿ. ನಮ್ಮೂರಿನ ಕಾಲೇಜಿನ ಹಾಗೇ ಇರೋ ಒಂದು ಕಾಲೇಜು. ದಿನಾ ಬಾಟಲಿ ನೋಡಬೇಕು, ದ್ರವ ಬದಲಿಸಬೇಕು, ಒಂದು ಬೂಷ್ಟಿನ ಕಣ ಬಿದ್ದರೆ ತಿಂಗಳುಗಟ್ಟಲೆ ಕೆಲಸ ನೀರಿಗೆ. ಭಾನುವಾರ, ಹಬ್ಬ ಅಂತ ಕೋಶಗಳು ರಜೆ ಕೊಡಲ್ಲ.

2010ರಲ್ಲಿ ಲಖನೌದ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೊದಲ್ಲಿ ಮೀನಿನ ಸೆಲ್ ಲೈನ್‌ಗಳ ರಾಷ್ಟ್ರೀಯ ಭಂಡಾರ ಶುರುವಾಯ್ತು. ದುಡ್ಡು ಕೊಟ್ಟದ್ದು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ. ದೇಶದ ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಮಾಡಿದ ಕೋಶಗಳನ್ನು ಅಲ್ಲಿ ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ ಇಡ್ತಾರೆ. ಡಿಎನ್ಎ ನೋಡಿ ಇದು ಇಂಥದ್ದೇ ಮೀನು ಅಂತ ಖಾತ್ರಿ ಮಾಡ್ತಾರೆ, ಕೇಳಿದ ಸಂಶೋಧಕರಿಗೆ ಕೊಡ್ತಾರೆ. ಅದೇ ಬ್ಯೂರೊದ ಕೊಚ್ಚಿ ಕೇಂದ್ರದವರು 2020ರಲ್ಲಿ ಗೋಲ್ಡ್‌ಫಿಶ್‌ನ ರೆಕ್ಕೆಯಿಂದ ಸೆಲ್ ಲೈನ್ ಮಾಡಿ, ಅಕ್ವೇರಿಯಂ ಗೋಲ್ಡ್‌ಫಿಶ್‌ಗಳನ್ನು ಕೊಲ್ಲುವ ಹರ್ಪಿಸ್ ವೈರಸ್ಸನ್ನು ಅದರಲ್ಲಿ ಬೆಳೆಸಿದರು.

ಇದರಿಂದ ರೈತರಿಗೆ ಏನು ಲಾಭ ಅಂತ ಕೇಳಬಹುದು. ಒಂದು, ರೋಗ ಬಂದಾಗ ವೈರಸ್ ಹೌದೋ ಅಲ್ಲವೋ ಅಂತ ಹೇಳಬಹುದು. ಎರಡು, ವೈರಸ್ ಧಾರಾಳವಾಗಿ ಬೆಳೆಸಿದರೆ ಲಸಿಕೆಗೆ ದಾರಿ. 1998ರಿಂದ ಇಸ್ರೇಲಿನ ಗೆಂಡೆ ಸಾಕಣೆಗೆ ಕೋಯಿ ಹರ್ಪಿಸ್ ವೈರಸ್ ಬಡಿದಾಗ, ಅಲ್ಲಿಯ ವಿಜ್ಞಾನಿಗಳು ಆ ವೈರಸ್ಸನ್ನೇ ಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಸೌಮ್ಯ ಮಾಡಿ ಲಸಿಕೆ ತಯಾರಿಸಿದರು. ಮೂರು, ಪ್ರತಿ ಪರೀಕ್ಷೆಗೂ ನೂರಾರು ಜೀವಂತ ಮೀನು ಕೊಲ್ಲೋದು ಕಡಿಮೆಯಾಗುತ್ತೆ.

ಸಿಗಡಿಗೆ ಯಾಕಿಲ್ಲ?

ಈಗ ಮಾವನ ಹೊಂಡಕ್ಕೆ ವಾಪಸ್. ಮೀನಿಗೆ 1962ರಲ್ಲೇ ಬಾಟಲಿ ಸಿಕ್ಕಿತು. ಸಿಗಡಿಗೆ?

ಪ್ರಪಂಚದ ಎಷ್ಟೋ ಪ್ರಯೋಗಾಲಯಗಳು ದಶಕಗಳಿಂದ ಕೂತು ಪ್ರಯತ್ನಿಸಿವೆ. ಸಿಗಡಿಯ ಕೋಶಗಳು ಬಾಟಲಿಯಲ್ಲಿ ಕೆಲವು ದಿನ, ಕೆಲವು ವಾರ ಬದುಕುತ್ತವೆ, ಆಮೇಲೆ ನಿಲ್ಲುತ್ತವೆ. ಎಲ್ಲರೂ ಒಪ್ಪಿ, ಎಲ್ಲ ಕಡೆ ಬಳಸುವಂಥ ಶಾಶ್ವತ ಸಿಗಡಿ ಸೆಲ್ ಲೈನ್ ಇನ್ನೂ ಬಂದಿಲ್ಲ. ಸಿಗಡಿ, ಚಿಪ್ಪುಮೀನಿನಂಥ ಸಮುದ್ರ ಜೀವಿಗಳ ಕೋಶ ಬೆಳೀತು ಅಂತ ಸಂಭ್ರಮಪಟ್ಟವರಲ್ಲಿ ಕೆಲವರಿಗೆ, ಬಾಟಲಿಯಲ್ಲಿ ಬೆಳೆದದ್ದು ನೀರಲ್ಲಿರೋ ಬೇರೆ ಯಾವುದೋ ಏಕಕೋಶ ಜೀವಿ ಅಂತ ಆಮೇಲೆ ಗೊತ್ತಾಗಿದೆ. ಮತ್ತೆ ಅದೇ ತಪ್ಪು ಹೆಪ್ಪಿನ ಕತೆ.

ಹಾಗಾಗಿ ವೈಟ್ ಸ್ಪಾಟ್ ವೈರಸ್ಸನ್ನು ಜೀವಂತ ಸಿಗಡಿ, ಕ್ರೇಫಿಶ್‌ಗಳಲ್ಲೇ ಬೆಳೆಸಿ, ಅವುಗಳಿಂದ ತೆಗೆದು ಓದಬೇಕಾಯ್ತು. 2001ರಲ್ಲಿ ಅದರ ಪೂರ್ತಿ ಜೀನೋಮ್ ಬಂತು. ನಮ್ಮ ಕರಾವಳಿಯಲ್ಲಿ ಕೆಲಸ ಮಾಡಿದವರು ಮಂಗಳೂರಿನ ಮೀನುಗಾರಿಕೆ ಕಾಲೇಜಿನವರು. 1969ರಲ್ಲಿ ಶುರುವಾದ ದೇಶದ ಮೊದಲ ಮೀನುಗಾರಿಕೆ ಕಾಲೇಜು ಅದು. ಅಲ್ಲಿಯ ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಜೊತೆಗಾರರು ಪಶ್ಚಿಮ ಕರಾವಳಿಯ ಸಿಗಡಿಗಳ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ 1997ರಲ್ಲಿ ಬಿಳಿ ಚುಕ್ಕೆ ರೋಗದ ಬಗ್ಗೆ ಪ್ರಕಟಿಸಿದರು. ಮುಂದೆ ಪಿಸಿಆರ್ ಪರೀಕ್ಷೆ ಬಂತು. ಬಾಟಲಿ ಇಲ್ಲದೆಯೂ ವೈರಸ್ ಹಿಡಿಯೋ ದಾರಿ ಅದು, ಮರಿ ಕೊಳ್ಳುವ ಮೊದಲೇ ಪರೀಕ್ಷಿಸಬಹುದು. ಆದರೆ ಪಿಸಿಆರ್ ಹೇಳೋದು ವೈರಸ್‌ನ ಗುರುತು ಇದೆ ಅಂತ ಮಾತ್ರ. ಆ ವೈರಸ್ ಜೀವಂತ ಇದೆಯಾ, ಹೇಗೆ ಒಳಗೆ ನುಗ್ಗುತ್ತೆ, ಯಾವುದು ಅದನ್ನು ತಡೆಯುತ್ತೆ ಅಂತ ನೋಡೋಕೆ ಬಾಟಲಿ ಬೇಕು.

ಮಾವನ ಪುಸ್ತಕ ಮುಗಿದದ್ದು 1995ರಲ್ಲಿ. ಅದೇ ವರ್ಷ ಓಸ್ಲೋದಲ್ಲಿ ಸಾಲ್ಮನ್ನಿನ ವೈರಸ್ ಬಾಟಲಿಗೆ ಬಿತ್ತು. ಎರಡೂ ಕಡೆ ನೀರು, ಎರಡೂ ಕಡೆ ಸಾಲ ಮಾಡಿ ಸಾಕಿದವರು. ಅವರಿಗೆ ಕಾರಣ ಸಿಕ್ಕಿತು. ನಮ್ಮವರಿಗೆ ಸಿಕ್ಕಿದ್ದು ಪಕ್ಕದ ಗಜನಿಯವರು. ರೋಗಕ್ಕೆ ಹೆಸರಿಲ್ಲದಿದ್ದಾಗ ಅದು ಯಾರಾದರೂ ಮನುಷ್ಯರ ಹೆಸರಿಗೆ ಹೋಗಿ ಅಂಟಿಕೊಳ್ಳುತ್ತೆ. ಈ ಇಡೀ ಇತಿಹಾಸ ಓದಿ ನನಗೆ ಉಳಿದದ್ದು ಇದೊಂದೇ.

ಈ ಕಂತು ರೆಕಾರ್ಡ್ ಮಾಡೋ ಮೊದಲು ಮಾವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಟ್ರೌಟು, ಸಾಲ್ಮನ್ನು, ತಪ್ಪು ಲೇಬಲ್ಲು, ಎಲ್ಲ. ಸುಮ್ಮನೆ ಕೇಳಿದರು. ಆಮೇಲೆ ಅಂದರು, "ತಮಾ, ಹಾಂಗಾರೆ ಅವರು ನೀರು ಬಿಟ್ಟಿದ್ದು ಸುಳ್ಳಾ?"

ಸುಳ್ಳು ಅಂತ ನಾನು ಹೇಳೋ ಹಾಗಿರಲಿಲ್ಲ. ವೈಟ್ ಸ್ಪಾಟ್ ನೀರಲ್ಲೂ ಹರಡುತ್ತೆ, ಏಡಿಯಲ್ಲೂ ಬರುತ್ತೆ, ಮರಿಯ ಜತೆಯಲ್ಲೇ ಬಂದಿರಲೂಬಹುದು. "ನೀರಲ್ಲೇ ಬಂದಿದ್ರೂ ಅವರಿಗೂ ಗೊತ್ತಿರಲಿಲ್ಲ ಮಾವ. ಅವರ ಹೊಂಡನೂ ಅದೇ ವಾರ ಹೋಯ್ತಲ್ಲ," ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, "ಈಗಾದ್ರೂ ಶೆಟ್ಲಿಗೆ ಬಾಟ್ಲಿ ಬಂತಾ?"

"ಇನ್ನೂ ಇಲ್ಲ ಮಾವ."

"ಬಂದ್ರೆ ಹೇಳು," ಅಂದು ಫೋನಿಟ್ಟರು.

ಇವತ್ತಿಗೆ ಇಷ್ಟೇ. ನಿಮ್ಮ ಮನೆಯಲ್ಲೂ ಹೊಂಡ, ಕೆರೆ, ಅಕ್ವೇರಿಯಂ ಏನಾದರೂ ಇದ್ದು, ಕಾರಣ ಗೊತ್ತಾಗದೆ ಮೀನು ಸತ್ತ ಕತೆ ಇದ್ದರೆ ಒಂದು ವಾಯ್ಸ್ ನೋಟ್ ಕಳಿಸಿ. ಮನೆಯ ಹಿರಿಯರ ಹತ್ತಿರ ಹಳೇ ಲೆಕ್ಕದ ಪುಸ್ತಕ ಇದ್ದರೆ ರದ್ದಿಗೆ ಹಾಕೋ ಮುಂಚೆ ಒಮ್ಮೆ ಕೊನೆಯ ಪುಟ ನೋಡಿ. ಮುಂದಿನ ವಾರ ಸಿಗೋಣ.